ಮುಚ್ಚಳದ ಸವಾರಿ

ಅಂದಾಜಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಪೇಟೆಯ ದೊಡ್ಡ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿಯಲಿಲ್ಲ. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಇವನು ಓರೆಗಣ್ಣಿನಿಂದ ಕಾಲು ನೋಡಿ, "ಏಳನೇ ನಂಬರು, ಬಲಗಾಲು ಸ್ವಲ್ಪ ಅಗಲ" ಎಂದು ತೀರ್ಪು ಕೊಟ್ಟುಬಿಡುತ್ತಿದ್ದ. ಅನೇಕ ಸಲ ಅದು ಸರಿಯಾಗಿಯೇ ಇರುತ್ತಿತ್ತು. ಸರಿಯಾಗದಿದ್ದಾಗ ಗಿರಾಕಿಯ ಕಾಲಿನಲ್ಲೇ ಏನೋ ಐಬು ಇದೆ ಎಂಬುದು ಅವನ ದೃಢ ನಂಬಿಕೆ.

ಅವನಿಗೆ ಇನ್ನೊಂದು ಸಿದ್ಧಾಂತವೂ ಇತ್ತು. ಅಣ್ಣನ ಕಾಲಿನ ಅಳತೆಯನ್ನು ದಾರದಲ್ಲಿ ಹಿಡಿದುಕೊಂಡು ಬರುವ ತಮ್ಮಂದಿರನ್ನು, ಗಂಡನ ಹಳೆಯ ಚಪ್ಪಲಿ ಚೀಲದಲ್ಲಿ ಹಾಕಿಕೊಂಡು ಬರುವ ಹೆಂಗಸರನ್ನು ಅವನು ಹಾಗೇ ವಾಪಸು ಕಳಿಸುತ್ತಿದ್ದ. "ಕಾಲನ್ನ ಮನೇಲಿಟ್ಟು ಚಪ್ಪಲಿ ಕೊಳ್ಳೋಕಾಗತ್ತಾ? ಹೋಗಿ, ಕಾಲು ಕರ್ಕೊಂಡು ಬನ್ನಿ." ಈ ಸಿದ್ಧಾಂತ ಚಪ್ಪಲಿಯ ಮಟ್ಟಿಗೆ ನಿಂತಿದ್ದರೆ ಲೋಕಕ್ಕೇನೂ ತೊಂದರೆಯಿರಲಿಲ್ಲ. ಅದನ್ನು ಅವನು ಪಾತ್ರೆಗೂ ಹಚ್ಚಿದ್ದರಿಂದ ಪೊಲೀಸ್ ಠಾಣೆಯವರೆಗೆ ಹೋಗಬೇಕಾಯಿತು.

ವಿಷಯ ಇಷ್ಟು. ಅವನ ಅಮ್ಮನ ಅಡುಗೆಮನೆಯಲ್ಲಿ ಒಂದೇ ಅಳತೆಯ ಎರಡು ದೊಡ್ಡ ಪಾತ್ರೆಗಳಿದ್ದವು, ಮುಚ್ಚಳ ಮಾತ್ರ ಒಂದೇ. ಅಮ್ಮ ತೀರಿಹೋಗುವ ಮುಂಚೆ ಮಗಳಿಗೊಂದು ಪಾತ್ರೆ, ಸೊಸೆಗೊಂದು ಪಾತ್ರೆ ಎಂದು ಹಂಚಿ, ಮುಚ್ಚಳವನ್ನು ಸೊಸೆಯ ಕೈಯಲ್ಲಿಟ್ಟರು. ಅಂದಿನಿಂದ ಅಂದಾಜಪ್ಪನ ಅಕ್ಕ ತನ್ನ ಪಾತ್ರೆಗೆ ತಟ್ಟೆ ಮುಚ್ಚಿಕೊಂಡು ಅಡುಗೆ ಮಾಡುತ್ತಿದ್ದಳು. ಆ ತಟ್ಟೆ ಜಾರಿ ಅಡುಗೆಯೊಳಗೆ ಬಿದ್ದಾಗಲೆಲ್ಲ ತಮ್ಮನ ಮನೆಗೆ ಫೋನು ಬರುತ್ತಿತ್ತು. ಹೀಗಿರುವಾಗ ತಮ್ಮನ ಮನೆಯ ಪಾತ್ರೆಯ ತಳ ತೂತಾಯಿತು. ಸುದ್ದಿ ತಿಳಿದ ಅಕ್ಕ ಫೋನಿನಲ್ಲೇ ನ್ಯಾಯ ಬಿಚ್ಚಿದಳು.

"ನಿಮ್ಮನೇಲಿ ಬರೀ ಮುಚ್ಚಳ ಇದೆ, ಪಾತ್ರೆ ಇಲ್ಲ. ನನ್ನ ಹತ್ರ ಪಾತ್ರೆ ಇದೆ, ಮುಚ್ಚಳ ಇಲ್ಲ. ನೀನೇ ಹೇಳು, ಆ ಮುಚ್ಚಳ ಎಲ್ಲಿರ್ಬೇಕು? ಶನಿವಾರ ಸಂಜೆ ಬರ್ತೀನಿ."

"ಅತ್ತೆ ಕೈಯಾರೆ ನಂಗೆ ಕೊಟ್ಟಿದ್ದು. ಪ್ರಾಣ ಬೇಕಾದ್ರೆ ಕೊಡ್ತೀನಿ, ಮುಚ್ಚಳ ಕೊಡಲ್ಲ" ಎಂದು ಹೆಂಡತಿ ಅಡುಗೆಮನೆಯಿಂದಲೇ ಸಾರಿದಳು. ಇಬ್ಬರ ನಡುವೆ ಸಿಕ್ಕಿಕೊಂಡ ಅಂದಾಜಪ್ಪ ಎದೆ ತಟ್ಟಿಕೊಂಡು, "ಅಷ್ಟರೊಳಗೆ ಈ ಮುಚ್ಚಳಕ್ಕೆ ಸರಿಯಾದ ಪಾತ್ರೆ ತಂದಿಡ್ತೀನಿ, ಆಗ ಯಾರು ಏನು ಕೇಳ್ತಾರೋ ನೋಡೋಣ" ಎಂದುಬಿಟ್ಟ. ಹೇಳುವಾಗ ಚೆನ್ನಾಗಿಯೇ ಇತ್ತು. ಶುಕ್ರವಾರದವರೆಗೆ ಪೇಟೆಯ ಎಲ್ಲ ಪಾತ್ರೆ ಅಂಗಡಿ ತಿರುಗಿದರೂ ಅಂಥ ಅಗಲ ಬಾಯಿಯ ಪಾತ್ರೆ ಕಾಣಲಿಲ್ಲ. ಕೊನೆಗೆ ಯಾರೋ ಹೇಳಿದರು, ಪಕ್ಕದೂರಿನ ಪಾತ್ರೆ ಕಾರ್ಖಾನೆಯವರು ಹಳೆಯ ಮಾಲೆಲ್ಲ ಗೋದಾಮಿನಿಂದ ಹೊರಗೆ ತಂದು ಅಗ್ಗದಲ್ಲಿ ಮಾರುತ್ತಿದ್ದಾರೆ ಎಂದು.

ಶನಿವಾರ ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಅರ್ಧ ದಿನದ ಕೆಲಸಕ್ಕೆ ಹೋದ ಕೂಡಲೇ ಅಂದಾಜಪ್ಪ ಅಡುಗೆಮನೆಗೆ ನುಗ್ಗಿದ. ಮುಚ್ಚಳವನ್ನು ಕಪಾಟಿನಿಂದ ಇಳಿಸಿ, ಗಮ್‌ಬೂಟಿನ ದೊಡ್ಡ ಡಬ್ಬದಲ್ಲಿ ಕಾಗದ ಸುತ್ತಿ ಮಲಗಿಸಿದ. ಹೆಂಡತಿಗೆ ಹೇಳಿದರೆ ಖಂಡಿತ ಕೊಡುವುದಿಲ್ಲ. ಅವಳು ಬರುವಷ್ಟರಲ್ಲಿ ಮುಚ್ಚಳ ಪಾತ್ರೆಯ ಸಮೇತ ಒಲೆಯ ಮೇಲೆ ಕೂತಿರುತ್ತದೆ, ಆಮೇಲೆ ಯಾರು ಕೇಳುತ್ತಾರೆ ಎಂಬುದು ಅವನ ಲೆಕ್ಕಾಚಾರ.

ಹೊರಗೆ ಗೆಳೆಯ ಕಾರು ತಂದು ನಿಲ್ಲಿಸಿದ್ದ. ಈ ಗೆಳೆಯ ಡ್ರೈವಿಂಗ್ ಶಾಲೆ ನಡೆಸುವವನು, ಎಲ್ಲರಿಗೂ ಮೇಷ್ಟ್ರು. ಕಾರು ಶಾಲೆಯದೇ. ನೆತ್ತಿಯ ಮೇಲೆ 'ನಿಧಾನವಾಗಿ ಕಲಿಯಿರಿ' ಎಂಬ ಬೋರ್ಡು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಮೇಷ್ಟ್ರ ಫೋನ್ ನಂಬರು. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು. ಎಷ್ಟೋ ವರ್ಷ ಆ ಪಕ್ಕದ ಸೀಟಿನಲ್ಲೇ ಕೂತು ಪಾಠ ಹೇಳಿದ್ದ ಮೇಷ್ಟ್ರಿಗೆ ತಾನೇ ಸ್ಟೀರಿಂಗ್ ಹಿಡಿದಾಗ ಒಂದು ವಿಚಿತ್ರ ಆಗುತ್ತಿತ್ತು. ತನಗೆ ತಾನೇ ಪಾಠ ಹೇಳಿಕೊಂಡು ಓಡಿಸುತ್ತಿದ್ದ.

"ಕನ್ನಡಿ ನೋಡಿ. ಹಾಂ. ಕ್ಲಚ್ ಒತ್ತಿ. ಮೆತ್ತಗೆ, ಮೆತ್ತಗೆ! ಯಾಕೆ ಅವಸರ?" ಎಂದು ತನ್ನನ್ನೇ ಗದರಿಕೊಂಡು ಗೇರು ಬದಲಿಸಿದ. "ಡಬ್ಬದಲ್ಲೇನೋ?"

"ಮುಚ್ಚಳ."

"ಅದ್ಯಾಕೆ? ಅಗಲ ಎಷ್ಟು ಅಂತ ಒಂದು ಟೇಪ್ ಹಿಡಿದು ನೋಡ್ಕೊಂಡು ಬಂದಿದ್ರೆ ಆಗ್ತಿರ್ಲಿಲ್ವಾ?"

ಅಂದಾಜಪ್ಪ ಮೂಗು ಮುರಿದ. "ಕಾಲು ಮನೇಲಿಟ್ಟು..."

"ಗೊತ್ತಾಯ್ತು ಬಿಡು. ಇಂಡಿಕೇಟರ್ ಹಾಕಿ!" ಎಂದು ಮೇಷ್ಟ್ರು ತನಗೆ ತಾನೇ ಆಜ್ಞೆ ಮಾಡಿ ಹಾಕಿದ. ಹೆದ್ದಾರಿಯಲ್ಲಿ ಎದುರಿಗೆ ಲಾರಿ ಕಂಡಾಗಲೆಲ್ಲ ಅಂದಾಜಪ್ಪನ ಕಾಲು ತನ್ನಷ್ಟಕ್ಕೆ ಕೆಳಗಿನ ಬ್ರೇಕನ್ನು ತುಳಿಯುತ್ತಿತ್ತು. ಹಿಂದಿನಿಂದ ಬಂದ ಸೈಕಲ್ಲಿನವನೊಬ್ಬ ಇವರನ್ನು ದಾಟಿ ಹೋಗುವಾಗ ಕನಿಕರದಿಂದ ಕೈ ಬೀಸಿದ.

ಗೋದಾಮಿನ ಒಳಗೆ ಕಿವಿ ಗಡಚಿಕ್ಕುವ ಸದ್ದು. ಆಳೆತ್ತರ ಪೇರಿಸಿದ ಬಾಣಲೆಗಳು, ನೆಲದ ತುಂಬ ಡಬರಿಗಳು, ಒಂದು ಮೂಲೆಯಲ್ಲಿ ಜೊತೆ ತಪ್ಪಿದ ಮುಚ್ಚಳಗಳ ಗುಡ್ಡೆ. ಜನ ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳುತ್ತಿದ್ದರು. ಮೇಷ್ಟ್ರು ಕಾರನ್ನು ರಸ್ತೆಯ ಅಂಚಿಗೆ ನೇರವಾಗಿ ನಿಲ್ಲಿಸುವ ಸಾಹಸದಲ್ಲಿ ಹೊರಗೇ ಉಳಿದ. ಮೂರು ಸಲ ನಿಲ್ಲಿಸಿ ಮೂರು ಸಲವೂ ತನ್ನನ್ನು ತಾನೇ ಫೇಲು ಮಾಡಿಕೊಂಡಿದ್ದ.

ಅಂದಾಜಪ್ಪ ಡಬ್ಬ ಬಿಚ್ಚಿದ. ಅಂಗಡಿಯಲ್ಲಿ ಗಿರಾಕಿಯ ಎದುರು ಕೂರುವಂತೆ ಒಂದು ಮಂಡಿಯೂರಿ ಪ್ರತಿಯೊಂದು ಪಾತ್ರೆಯ ಮುಂದೆಯೂ ಕೂತು ಮುಚ್ಚಳ ಏರಿಸಿ ನೋಡಿದ. "ಹಿಮ್ಮಡಿ ಹತ್ರ ಬಿಗಿ" ಎಂದು ಒಂದನ್ನು ಬಿಟ್ಟ. "ಇದು ಲೊಡ ಲೊಡ, ನಡೆದ್ರೆ ಕಳಚಿಹೋಗತ್ತೆ" ಎಂದು ಇನ್ನೊಂದನ್ನು ಸರಿಸಿದ. ಮಾರುವವನು ನೋಡುವಷ್ಟು ನೋಡಿ, "ಸ್ವಾಮಿ, ಪಾತ್ರೆಗೆ ಸಾಕ್ಸ್ ಬೇಕಾ?" ಎಂದು ಕೇಳಿದ. ಅಂದಾಜಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಏಕೆಂದರೆ ಅದೇ ಹೊತ್ತಿಗೆ ರಾಶಿಯ ಅಡಿಯಲ್ಲಿ ಸಿಕ್ಕ ಒಂದು ಪಾತ್ರೆಯ ಬಾಯಿಯ ಮೇಲೆ ಮುಚ್ಚಳ ಟಪ್ಪನೆ ಕೂತಿತ್ತು. ಎತ್ತಲು ಹೋದರೆ ಬರಲಿಲ್ಲ, ಅಲ್ಲಾಡಿಸಿದರೆ ಅಲ್ಲಾಡಲಿಲ್ಲ.

ಬುದ್ಧಿಯಿದ್ದವನಾಗಿದ್ದರೆ ಅಲ್ಲಿಯೇ ಪಾತ್ರೆಯನ್ನು ಕಂಕುಳಿಗೆ ಸಿಕ್ಕಿಸಿ ದುಡ್ಡು ಕೊಟ್ಟು ಹೊರಡುತ್ತಿದ್ದ. ಆದರೆ ಇಂಥ ಗೆಲುವಿಗೆ ಒಬ್ಬ ಸಾಕ್ಷಿಯಾದರೂ ಬೇಡವೇ? ಟೇಪು ಹಿಡಿ ಎಂದ ಮೇಷ್ಟ್ರ ಮುಖ ನೋಡಬೇಡವೇ? ಮುಚ್ಚಳ ಕೂರಿಸಿದ ಪಾತ್ರೆಯನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಓಡಿ, "ಮೇಷ್ಟ್ರೇ! ಬಾರೋ ಇಲ್ಲಿ, ಬಂದು ಕಣ್ತುಂಬ ನೋಡು!" ಎಂದು ಕೂಗಿದ. ಮೇಷ್ಟ್ರು ಕಾರಿಗೆ ಬೀಗ ಹಾಕಿ, ಹಾಕಿದೆಯೇ ಎಂದು ಪರೀಕ್ಷಿಸಿ, ಎರಡೂ ಕಡೆ ನೋಡಿ ರಸ್ತೆ ದಾಟಿ ಬಂದ. ಬಂದು ನೋಡಿದರೆ ಅಲ್ಲಿ ಕಣ್ತುಂಬ ಕಂಡದ್ದು ಬರೀ ನೆಲ.

"ಇಲ್ಲಿದ್ದ ಪಾತ್ರೆ ಎಲ್ಲಿ?" ಅಂದಾಜಪ್ಪ ಮಾರುವವನ ತೋಳು ಹಿಡಿದ.

"ಮುಚ್ಚಳದ್ದಾ? ಇಡೀ ಗೋದಾಮಲ್ಲಿ ಸರಿಯಾಗಿ ಮುಚ್ಚಳ ಕೂರೋದು ಅದೊಂದೇ ಇತ್ತು. ಕ್ಯಾಂಟೀನಮ್ಮ ನೋಡಿದ್ದೇ ತಡ ಎತ್ಕೊಂಡು ಹೋದ್ರು" ಎಂದ ಮಾರುವವನು.

"ಮುಚ್ಚಳ ನಂದು ಕಣ್ರೀ!"

"ನಿಮ್ದಾ? ಮಾರಾಟಕ್ಕೆ ಬಂದೋರು ಮುಚ್ಚಳ ತಗೊಂಡು ಹೋಗ್ತಾರೆ. ಮುಚ್ಚಳ ತಗೊಂಡು ಬಂದೋರನ್ನ ನಾನು ನೋಡಿಲ್ಲಪ್ಪ. ಅಗೋ, ಹಳದಿ ವ್ಯಾನು, ಹೊರಡ್ತಾ ಇದೆ."

ಅಂದಾಜಪ್ಪ ಲೆಕ್ಕ ಹಾಕಿದ. ಸಂಜೆ ಅಕ್ಕ ಬರುತ್ತಾಳೆ. ಕಪಾಟಿನಲ್ಲಿ ಮುಚ್ಚಳವಿಲ್ಲ. ಹೆಂಡತಿಯ ಕಣ್ಣು ಮೊದಲು ಅಕ್ಕನ ಮೇಲೆ ಬೀಳುತ್ತದೆ, ಆಮೇಲೆ ತನ್ನ ಮೇಲೆ. ಇಷ್ಟು ವರ್ಷ ಹೇಗೋ ಹಲ್ಲು ಕಚ್ಚಿಕೊಂಡು ಉಳಿಸಿಕೊಂಡು ಬಂದ ನೆಂಟಸ್ತಿಕೆ ಒಂದು ಮುಚ್ಚಳಕ್ಕೆ ಮುರಿದುಬೀಳುತ್ತದೆ. "ಹಿಡಿಯೋ ಆ ವ್ಯಾನನ್ನ!" ಎಂದು ಕಿರುಚಿ ಕಾರಿನೊಳಗೆ ಧುಮುಕಿದ.

ಹಿಡಿಯುವುದೇನೋ ಸರಿ, ಆದರೆ ಮೇಷ್ಟ್ರು ಬೆಲ್ಟು ಹಾಕಿ, ಕನ್ನಡಿ ಸರಿಮಾಡಿ, "ನ್ಯೂಟ್ರಲ್ಲಿನಲ್ಲಿದೆಯಾ? ಇದೆ" ಎಂದು ಉತ್ತರ ಪಡೆದು ಹೊರಡುವಷ್ಟರಲ್ಲಿ ವ್ಯಾನು ಅರ್ಧ ರಸ್ತೆ ದಾಟಿತ್ತು. ಪುಣ್ಯಕ್ಕೆ ಪಾತ್ರೆಗಳ ಭಾರಕ್ಕೆ ಅದೂ ತೆವಳುತ್ತಿತ್ತು. ಇವರು ಹತ್ತಿರ ಹೋದಾಗಲೆಲ್ಲ ಅಂದಾಜಪ್ಪ ಕಿಟಕಿಯಿಂದ ಅರ್ಧ ದೇಹ ಹೊರಗೆ ಚಾಚಿ, ತಲೆಯ ಮೇಲೆ ಎರಡೂ ಕೈಯಿಂದ ದುಂಡಗೆ ಮುಚ್ಚಳದ ಆಕಾರ ಮಾಡಿ ತೋರಿಸುತ್ತಿದ್ದ. ನೋಡಿದವರಿಗೆ ಅದು ತಲೆ ತೆಗೆಯುತ್ತೇನೆ ಎಂದಂತೆ ಕಾಣುತ್ತಿತ್ತು. ವ್ಯಾನು ಹೆದರಿ ವೇಗ ಹೆಚ್ಚಿಸುತ್ತಿತ್ತು. ಇವನ ಕಾಲು ಗಾಬರಿಯಲ್ಲಿ ಬ್ರೇಕು ತುಳಿಯುತ್ತಿತ್ತು.

"ಕಾಲು ತೆಗಿಯೋ!"

"ಅದು ತಾನಾಗೇ ಹೋಗತ್ತೆ!"

ಆಗಲೇ ಮೇಷ್ಟ್ರ ಫೋನು ಬಡಿದುಕೊಳ್ಳಲು ಶುರುವಾಯಿತು. ನಿಂತಿತು, ಮತ್ತೆ ಬಡಿದುಕೊಂಡಿತು.

"ಎತ್ತೋ, ಏನೋ ಅರ್ಜೆಂಟು ಇರ್ಬೇಕು."

"ಗಾಡಿ ಓಡಿಸ್ತಾ ಫೋನ್ ಎತ್ತೋದಾ? ನಾಳೆ ಯಾವ ಮುಖ ಇಟ್ಕೊಂಡು ಪಾಠ ಹೇಳ್ಲಿ?"

"ಹಾಗಾದ್ರೆ ಕೊಡು, ನಾನು ಎತ್ತುತ್ತೀನಿ."

"ನಿನ್ನ ಕಾಲು ಬ್ರೇಕ್ ಮೇಲಿದೆ. ಬ್ರೇಕ್ ಮೇಲೆ ಕಾಲಿಟ್ಟೋನೂ ಚಾಲಕನೇ. ನೀನೂ ಎತ್ತೋ ಹಾಗಿಲ್ಲ."

ಈ ನಿಯಮಪಾಲನೆಯ ಫಲವಾಗಿ ಫೋನು ಹೊಡೆದುಕೊಂಡೇ ಇತ್ತು. ವ್ಯಾನು ಇದ್ದಕ್ಕಿದ್ದಂತೆ ಒಂದು ಕಾಂಪೌಂಡಿನೊಳಗೆ ತಿರುಗಿತು. ಹಿಂದೆಯೇ ಇವರೂ ತಿರುಗಿದರು. ಒಳಗೆ ಹೋದ ಮೇಲೆ ನೋಡಿದರೆ ಅದು ಪೊಲೀಸ್ ಠಾಣೆ.

ಕ್ಯಾಂಟೀನಮ್ಮ ಗಟ್ಟಿ ಹೆಂಗಸು. ಕಾರ್ಖಾನೆಯೊಂದರ ಜನಕ್ಕೆಲ್ಲ ದಿನಾ ಅಡುಗೆ ಮಾಡಿ ಹಾಕುವವರು. ಪಾತ್ರೆಯನ್ನು ಎದೆಗವಚಿಕೊಂಡು ಇನ್‌ಸ್ಪೆಕ್ಟರ ಮೇಜಿನ ಮುಂದೆ ನಿಂತಿದ್ದರು. "ಇವ್ರೇ ಸಾರ್! ಅಲ್ಲಿಂದ ಬೆನ್ನು ಬಿದ್ದಿದಾರೆ. ಈ ಮನುಷ್ಯ ನನ್ನ ತಲೆ ತಿರುಚ್ತೀನಿ ಅಂತ ಕೈಸನ್ನೆ ಮಾಡ್ತಾನೆ. ಕಾರಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು, ಎತ್ತಿದ್ರೆ ಕೇಳಿ."

"ಫೋನು ಯಾಕ್ರೀ ಎತ್ತಲಿಲ್ಲ?" ಇನ್‌ಸ್ಪೆಕ್ಟರು ಗುಡುಗಿದರು.

"ಗಾಡಿ ಓಡಿಸ್ತಿದ್ದೆ ಸಾರ್" ಎಂದ ಮೇಷ್ಟ್ರು ತಲೆ ಎತ್ತಿ. ಇನ್‌ಸ್ಪೆಕ್ಟರು ಅವನನ್ನು ಬಿಟ್ಟು ಅಂದಾಜಪ್ಪನ ಕಡೆ ತಿರುಗಿದರು.

ಅಂದಾಜಪ್ಪ ಮುಚ್ಚಳದ ಕಥೆಯನ್ನು ಅಮ್ಮನ ಕಾಲದಿಂದ ಹಿಡಿದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಬಾಗಿಲ ಬಳಿಯಿದ್ದ ದಫೇದಾರರು ಕಿವಿಯಲ್ಲಿ ಬೆರಳಾಡಿಸುತ್ತ ಹತ್ತಿರ ಬಂದರು.

"ಮುಚ್ಚಳ ನಿಮ್ಮದೇ ಅನ್ನೋದಕ್ಕೆ ಏನ್ರೀ ಗುರುತು?" ಇನ್‌ಸ್ಪೆಕ್ಟರು ಕೇಳಿದರು.

ಅಂದಾಜಪ್ಪ ಕಣ್ಣು ಮುಚ್ಚಿ ಯೋಚಿಸಿದ. ಮದುವೆಯಾದಂದಿನಿಂದ ದಿನಾ ನೋಡಿದ ಮುಚ್ಚಳ. ಅದರ ಕೆಳಗಿನ ಬಿಸಿ ಅಡುಗೆಗಾಗಿ ಎಷ್ಟು ಸಲ ಕಾದು ಕೂತಿಲ್ಲ! ಕೊನೆಗೆ, "ದುಂಡಗಿದೆ ಸಾರ್" ಎಂದ.

"ಮತ್ತೆ?"

"ಅಗಲ ಹೇಳ್ತೀನಿ ಸಾರ್, ಕಣ್ಣಂದಾಜಲ್ಲೇ." ಹೇಳಿಯೂ ಹೇಳಿದ. ದಫೇದಾರರು ಟೇಪು ತಂದು ಹಿಡಿದರು. ಒಂದು ಗೇಣು ಹೆಚ್ಚುಕಮ್ಮಿ ಬಂತು. ಮುಚ್ಚಳದಲ್ಲೇ ಐಬು ಎನ್ನಲು ಅಂದಾಜಪ್ಪನ ನಾಲಿಗೆ ತುದಿಗೆ ಬಂದಿತ್ತು. ಇನ್‌ಸ್ಪೆಕ್ಟರ ಮೀಸೆ ನೋಡಿ ನುಂಗಿಕೊಂಡ.

"ಮನೇಲಿ ಯಾರಿಗೆ ಗೊತ್ತು ಇದರ ಗುರುತು?"

"ನನ್ನ ಹೆಂಡ್ತಿಗೆ. ಆದ್ರೆ ಸಾರ್, ಬೇಕಾದ್ರೆ ಒಳಗೆ ಹಾಕಿ, ಅವಳಿಗೆ ಮಾತ್ರ ಫೋನ್ ಮಾಡಬೇಡಿ."

"ಮಾಡ್ರೀ ಫೋನು. ಜೋರಾಗಿ ಎಲ್ರಿಗೂ ಕೇಳೋ ಹಾಗೆ ಇಡಿ."

ಅಂದಾಜಪ್ಪ ನಂಬರು ಒತ್ತಿ ಫೋನನ್ನು ಮೇಜಿನ ಮೇಲಿಟ್ಟ. ಮೊದಲ ಗಂಟೆಗೇ ಹೆಂಡತಿ ಎತ್ತಿದಳು. ಇವನು ಹಲೋ ಎನ್ನುವ ಮೊದಲೇ ಫೋನಿನಿಂದ ಪಿಸುದನಿ ಹೊರಟಿತು.

"ರೀ, ನೀವು ಮಾತಾಡಬೇಡಿ, ಕೇಳಿಸ್ಕೊಳ್ಳಿ. ನಿಮ್ಮಕ್ಕ ಮಧ್ಯಾಹ್ನಾನೇ ಬಂದುಬಿಟ್ಟಿದಾರೆ. ಪಕ್ಕದ್ಮನೆಯೋರ ಹತ್ರ ಕೀ ತಗೊಂಡು, ನಾನು ಬರೋವರ್ಗೂ ಒಬ್ರೇ ಮನೇಲಿದ್ರು. ಬಂದು ನೋಡ್ತೀನಿ, ಕಪಾಟಲ್ಲಿ ಮುಚ್ಚಳ ಇಲ್ಲ!"

ಠಾಣೆಯಲ್ಲಿ ಎಲ್ಲರೂ ಮೇಜಿನ ಕಡೆಗೆ ಬಾಗಿದರು. ದಫೇದಾರರು ಬಾಗಿಲು ಮುಚ್ಚಿ ಬಂದರು.

"ಒಳಗಿಡ್ತೀನಿ ಕೊಡಿ ಅತ್ತಿಗೆ ಅಂತ ಅವ್ರ ಬ್ಯಾಗನ್ನ ಅಡುಗೆಮನೆಗೆ ತಂದಿದೀನಿ. ರೀ, ಒಳಗೆ ದುಂಡಗೆ ಗಟ್ಟಿಯಾಗಿ ಏನೋ ಇದೆ, ಕೈಗೆ ಸಿಗ್ತಾ ಇದೆ. ನಂಗೊತ್ತು ಅದೇನು ಅಂತ. ಈಗ ಝಿಪ್ ಎಳೆದು, ಅವ್ರೆದುರಿಗೇ ಹೊರಗೆ ತೆಗೆದು..."

"ಬೇಡ!" ಅಂದಾಜಪ್ಪನೂ ಪಿಸುಗುಟ್ಟಿದ. "ಮುಚ್ಚಳ ಅದರಲ್ಲಿಲ್ಲ ಕಣೇ. ಇಲ್ಲಿದೆ."

"ಇಲ್ಲಿ ಅಂದ್ರೆ ಎಲ್ಲಿ?"

"ಪೊಲೀಸ್ ಸ್ಟೇಷನ್ನಲ್ಲಿ."

ಆ ಕಡೆಯಿಂದ "ಮುಚ್ಚಳ ಏನು ಮಾಡ್ತು?" ಎಂಬ ಪ್ರಶ್ನೆ ಬಂತು.

ಇನ್‌ಸ್ಪೆಕ್ಟರು ಮುಂದೆ ಬಾಗಿ, ತಮ್ಮ ಗಡಸು ದನಿಯನ್ನು ಆದಷ್ಟು ತಗ್ಗಿಸಿ ಅವರೂ ಪಿಸುಗುಟ್ಟಿದರು. "ಅಮ್ಮಾ, ನಾನು ಇನ್‌ಸ್ಪೆಕ್ಟರ್ ಮಾತಾಡ್ತಿರೋದು. ಮೊದಲು ಆ ಝಿಪ್ಪಿಂದ ಕೈ ತೆಗೀರಿ."

"ಇನ್ನೂ ಎಳೆದಿಲ್ಲ ಸಾರ್. ಹಿಡ್ಕೊಂಡಿದೀನಿ ಅಷ್ಟೆ."

"ಬಿಟ್ಟುಬಿಡಿ."

"ಬಿಟ್ಟೆ."

ಇಡೀ ಠಾಣೆ ಉಸಿರು ಬಿಟ್ಟಿತು. ಕ್ಯಾಂಟೀನಮ್ಮ ಸೆರಗಿನಿಂದ ಹಣೆ ಒರೆಸಿಕೊಂಡು, "ನಮ್ಮ ನಾದಿನಿ ಜೊತೆ ನಾನು ಹೀಗೇ ಒಂದು ಸಲ ಝಿಪ್ ಎಳೆದುಬಿಟ್ಟಿದ್ದೆ. ಇವತ್ತಿಗೂ ಮಾತಿಲ್ಲ" ಎಂದು ಪಿಸುಗುಟ್ಟಿದರು. ಯಾಕೆ ಪಿಸುಗುಟ್ಟಬೇಕು ಎಂದು ಯಾರೂ ಕೇಳಲಿಲ್ಲ.

"ಈಗ ಮುಚ್ಚಳದ ಗುರುತು ಹೇಳಿ" ಎಂದರು ಇನ್‌ಸ್ಪೆಕ್ಟರು.

"ಹಿಡಿಯ ಸ್ಕ್ರೂ ಒಳಗಡೆ ಅಡ್ಡ ಕೂತಿದೆ ಸಾರ್, ನಮ್ಮನೆಯೋರು ಹಾಕಿದ್ದು. ಅಂಚಲ್ಲಿ ಒಂದು ಕಡೆ ನೆಗ್ಗಿದೆ. ಮದುವೆಯಾದ ಹೊಸದ್ರಲ್ಲಿ ಇವ್ರೇ ಬೀಳಿಸಿ, ಬೆಕ್ಕು ಬೀಳಿಸ್ತು ಅಂದಿದ್ರು. ನಮ್ಮನೇಲಿ ಬೆಕ್ಕೇ ಇರ್ಲಿಲ್ಲ. ಅತ್ತೆ ಎದುರಿಗೆ ಮರ್ಯಾದೆ ಹೋಗ್ಬಾರ್ದು ಅಂತ ಇಷ್ಟು ವರ್ಷ ನಾನೂ ಬೆಕ್ಕು ಅಂತಾನೇ ಹೇಳ್ಕೊಂಡು ಬಂದಿದೀನಿ."

ದಫೇದಾರರು ಮುಚ್ಚಳ ತಿರುಗಿಸಿ ಸ್ಕ್ರೂ ನೋಡಿದರು, ಅಂಚಿನ ಮೇಲೆ ಬೆರಳಾಡಿಸಿದರು, ಅಂದಾಜಪ್ಪನ ಕಡೆ ತಿರುಗಿ, "ಬೆಕ್ಕು ಇವ್ರೇ ಸಾರ್" ಎಂದು ವರದಿ ಒಪ್ಪಿಸಿದರು.

ಮುಚ್ಚಳ ಹೋದ ಮೇಲೆ ಆ ಪಾತ್ರೆ ತನಗೆ ಯಾಕೆ ಎಂದು ಕ್ಯಾಂಟೀನಮ್ಮ ಅದನ್ನೂ ಇವನ ಕೈಗೇ ತುರುಕಿ, ಕೊಟ್ಟ ಬೆಲೆಯಷ್ಟನ್ನೇ ತೆಗೆದುಕೊಂಡರು. ಹೊರಡುವಾಗ ಮೇಷ್ಟ್ರಿಗೂ ಒಂದು ಮಾತು ಹೇಳಿದರು. "ನಮ್ಮ ಡ್ರೈವರನ್ನ ನಿಮ್ಮ ಹತ್ರ ಕಳಿಸ್ತೀನಿ. ಅವನು ಗಾಡಿ ಓಡಿಸ್ತಾ ಎಲ್ರ ಫೋನೂ ಎತ್ತುತ್ತಾನೆ." ಮೇಷ್ಟ್ರ ಮುಖ ಅರಳಿತು. ವಾಪಸು ಬರುವಾಗ ಅಂದಾಜಪ್ಪ ಮುಚ್ಚಳವನ್ನು ಡಬ್ಬಕ್ಕೆ ಹಾಕಲಿಲ್ಲ. ಮನೆ ಮುಟ್ಟುವವರೆಗೂ ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

ಮನೆಯಲ್ಲಿ ಅಕ್ಕ ನಡುಮನೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ತಮ್ಮ ಪಾತ್ರೆಯನ್ನೂ ಮುಚ್ಚಳವನ್ನೂ ಹಿಡಿದು ಒಳಗೆ ಬಂದದ್ದು ಕಂಡು ಅವಳ ಹುಬ್ಬು ಮೇಲೇರಿತು. ಹೆಂಡತಿ ಇವನ ಮುಖ ನೋಡಲಿಲ್ಲ, ಮುಚ್ಚಳದ ಮುಖ ನೋಡಿದಳು. ಅದು ಕ್ಷೇಮವಾಗಿದೆ ಎಂದು ಖಾತ್ರಿಯಾದ ಮೇಲೆ ಇವನ ಕಡೆ ಒಂದು ನೋಟ ಬೀರಿದಳು. ಅದರಲ್ಲಿ ಬೈಗುಳ ಇರಲಿಲ್ಲ, ಅಕ್ಕನಿಗೆ ಬ್ಯಾಗಿನ ವಿಷಯ ಬಾಯಿ ಬಿಟ್ಟರೆ ನೋಡಿ ಎಂಬ ಎಚ್ಚರಿಕೆ ಮಾತ್ರ ಇತ್ತು.

"ನನ್ನ ಬ್ಯಾಗ್ ತಗೊಂಡ್ಬಾಮ್ಮ" ಎಂದಳು ಅಕ್ಕ.

ಹೆಂಡತಿ ಬ್ಯಾಗನ್ನು ತಂದು ಅವಳ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಅಕ್ಕ ನಿಧಾನವಾಗಿ ಝಿಪ್ ಎಳೆದು, ಹಳೆಯ ಸೀರೆಯಲ್ಲಿ ಸುತ್ತಿದ್ದ ದುಂಡನೆಯ ವಸ್ತುವನ್ನು ಹೊರಗೆ ತೆಗೆದಳು. ಅಮ್ಮ ಅವಳಿಗೆ ಕೊಟ್ಟಿದ್ದ ಪಾತ್ರೆ.

"ಸುಳ್ಳು ಯಾಕೆ ಹೇಳ್ಲಿ, ಮುಚ್ಚಳ ತಗೊಂಡು ಹೋಗೋಕೇ ಬಂದಿದ್ದು ನಾನು" ಎಂದಳು ಅಕ್ಕ. "ಕೂರಿಸಿ ನೋಡಿ ತಗೊಂಡು ಹೋಗೋಣ ಅಂತ ಇದನ್ನ ಹೊತ್ಕೊಂಡು ಬಂದೆ. ಬಸ್ಸಲ್ಲಿ ಒಬ್ಬರೂ ಕೈ ಹಾಕ್ಲಿಲ್ಲ, ನನ್ನ ಮಕ್ಕಳೂ ಮನೆ ಬಾಗಿಲವರೆಗೆ ಎತ್ತಿಕೊಡಲಿಲ್ಲ. ಇವಳು ಬಂದವಳೇ ಚಪ್ಪಲಿ ಕೂಡ ಬಿಡದೆ ಓಡಿಬಂದು, ಕೊಡಿ ಅತ್ತಿಗೆ ಅಂತ ನನ್ನ ತೊಡೆ ಮೇಲಿದ್ದ ಭಾರ ಇಸ್ಕೊಂಡ್ಳು. ಅಂಥವಳ ಹತ್ರ ಮುಚ್ಚಳ ಕೇಳೋಕೆ ನಾಲಿಗೆ ಬರತ್ತೇನೋ? ಈ ಪಾತ್ರೆನೂ ಇಲ್ಲೇ ಇರ್ಲಿ. ಅಮ್ಮನ ಮುಚ್ಚಳ ಅಮ್ಮನ ಪಾತ್ರೆ ಮೇಲೇ ಇರ್ಲಿ."

ಹೆಂಡತಿ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ, ಎಂಥ ಮೆದು ಮನಸ್ಸು ಎಂದುಕೊಂಡು ಅವಳ ತಲೆ ಸವರಿದಳು. ನಿಜ ಗೊತ್ತಿದ್ದ ಅಂದಾಜಪ್ಪ, ಜೀವಮಾನದಲ್ಲಿ ಮೊದಲ ಬಾರಿಗೆ, ಬಾಯಿ ಮುಚ್ಚಿಕೊಂಡ. ಮುಚ್ಚಳ ಅಮ್ಮನ ಪಾತ್ರೆಯ ಮೇಲೆ ಕೂತಿತು. ಮನೆ ಉಳಿಯಿತು, ಅಕ್ಕ ಉಳಿದಳು. ಅವನಿಗೆ ಹೊಟ್ಟೆ ತಣ್ಣಗಾಯಿತು.

ಆಗ ಅವನ ಕಣ್ಣು ಪಕ್ಕದಲ್ಲಿ ಬಾಯಿ ತೆರೆದುಕೊಂಡು ಕೂತಿದ್ದ ಹೊಸ ಪಾತ್ರೆಯ ಮೇಲೆ ಬಿತ್ತು.

"ಈಗ ಇದಕ್ಕೊಂದು ಮುಚ್ಚಳ ಬೇಕಲ್ಲ" ಎಂದ ಉತ್ಸಾಹದಿಂದ. "ಮಾರಾಟ ನಾಳೇನೂ ಇದೆ. ಪಾತ್ರೆನ ಜೊತೇಲಿ ತಗೊಂಡು ಹೋಗಿ..."

"ಸುಮ್ನೆ ಕೂತ್ಕೊಳ್ಳಿ!" ಎಂದಳು ಹೆಂಡತಿ ಕಣ್ಣೊರೆಸಿಕೊಳ್ಳುತ್ತ.

"ಸುಮ್ನೆ ಕೂತ್ಕೋ!" ಎಂದಳು ಅಕ್ಕ ಅದೇ ಉಸಿರಿನಲ್ಲಿ.

ಇಷ್ಟು ವರ್ಷಗಳಲ್ಲಿ ಅವರಿಬ್ಬರ ಮಾತು ಒಂದಾದದ್ದು ಅದೇ ಮೊದಲು. ಅಂದಾಜಪ್ಪ ಕುರ್ಚಿ ಎಳೆದುಕೊಂಡು ಹಾಯಾಗಿ ಕೂತ.